ಫಾಲೋವರ್ಸ್ ಸಾವಿರ, ಗಿರಾಕಿಗಳು ಎಷ್ಟು?

ಪಿಯುಸಿ ಆದಮೇಲೆ ಏನು ಮಾಡುತ್ತೀರಿ ಎಂದು ಕೇಳಿದರೆ ಈಗ ನಮ್ಮ ಕಾಲೇಜಿನಲ್ಲಿ ಒಂದು ಹೊಸ ಉತ್ತರ ಬರುತ್ತಿದೆ: "ಆನ್‌ಲೈನ್ ಬಿಸಿನೆಸ್." ಹುಡುಗಿಯರಲ್ಲಿ ಈ ಮಾತು ಇನ್ನೂ ಹೆಚ್ಚು. ಡಿಗ್ರಿಗೆ ಸೇರಿಸುತ್ತಾರೋ ಇಲ್ಲವೋ, ದಿನಾ ಬೆಂಗಳೂರಿಗೆ ಹೋಗಿಬರಲು ಒಪ್ಪುತ್ತಾರೋ ಇಲ್ಲವೋ ಎಂಬುದು ಗೊತ್ತಿಲ್ಲದವರಿಗೆ ಕೈಯಲ್ಲಿರುವ ಮೊಬೈಲೇ ಅಂಗಡಿಯ ಬಾಗಿಲಿನಂತೆ ಕಾಣುತ್ತದೆ. ಹೊಲಿಗೆ ಬರುತ್ತದೆ, ಮೆಹಂದಿ ಬರುತ್ತದೆ, ಅಮ್ಮಿ ಮಾಡುವ ಮಾವಿನ ಉಪ್ಪಿನಕಾಯಿಯನ್ನು ಊರೆಲ್ಲ ಹೊಗಳುತ್ತದೆ. ಹಾಗಿದ್ದರೆ ಒಂದು ಇನ್‌ಸ್ಟಾಗ್ರಾಂ ಪೇಜ್ ಮಾಡಿದರಾಯಿತು.

ಈ ಯೋಚನೆಯನ್ನು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಹೆಸರು ಮಾಡುವುದು ಬೇರೆ, ವ್ಯಾಪಾರ ಕಟ್ಟುವುದು ಬೇರೆ. ಈ ವ್ಯತ್ಯಾಸವನ್ನು ನಮ್ಮ ಜಿಲ್ಲೆಯ ಮಾವು ಚೆನ್ನಾಗಿ ತೋರಿಸಿಕೊಡುತ್ತದೆ.

ಶ್ರೀನಿವಾಸಪುರದ ಮಾವಿಗೆ ಹೆಸರಿನ ಕೊರತೆ ಎಂದೂ ಇರಲಿಲ್ಲ. ಆದರೂ 2025ರ ಜೂನ್‌ನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ನಮ್ಮ ತೋತಾಪುರಿ ಹೆಚ್ಚಾಗಿ ಹೋಗುವುದು ಗಡಿಯಾಚೆ ಚಿತ್ತೂರಿನ ಪಲ್ಪ್ ಕಾರ್ಖಾನೆಗಳಿಗೆ. ಕರ್ನಾಟಕದ ತೋತಾಪುರಿ ಒಳಗೆ ಬರಬಾರದು ಎಂದು ಚಿತ್ತೂರು ಜಿಲ್ಲಾಡಳಿತ ಆದೇಶ ಹೊರಡಿಸಿತು. ಒಂದೇ ಆದೇಶಕ್ಕೆ ಇಲ್ಲಿ ಬೆಲೆ ಕುಸಿಯಿತು, ಶ್ರೀನಿವಾಸಪುರ ಬಂದ್ ಆಯಿತು, ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ಲೆಕ್ಕ ಹಿಡಿದು, ಬೆಲೆಯ ವ್ಯತ್ಯಾಸವನ್ನು ರೈತರಿಗೆ ತುಂಬಿಕೊಡಲು ಒಪ್ಪಿತು. ಕೆ.ಜಿ.ಗೆ ಹದಿನಾರು ರೂಪಾಯಿ ಆಯಿತು. ಅಷ್ಟಕ್ಕೂ ಇಷ್ಟು ಓಡಾಟ.

ಆಗ ಹಲವರು ಸುಲಭವಾಗಿ ಹೇಳಿದ ಮಾತು, "ಆನ್‌ಲೈನ್‌ನಲ್ಲಿ ಮಾರಿದರೆ ಆಗುತ್ತಿರಲಿಲ್ಲವೇ?" ಆಗುತ್ತಿರಲಿಲ್ಲ. ಒಂದು ಲಾರಿ ತೋತಾಪುರಿಯನ್ನು ವಾಟ್ಸಾಪ್ ಸ್ಟೇಟಸ್ ಹಾಕಿ ಮಾರಲಾಗದು. ಮನೆಯವರು ಡಬ್ಬಿಯಲ್ಲಿ ತರಿಸಿಕೊಳ್ಳುವುದು ಬಾದಾಮಿ, ರಸಪುರಿ, ಮಲ್ಲಿಕಾ ಹಣ್ಣನ್ನು. ಆ ಮಾರಾಟ ನಿಜವಾಗಿ ನಡೆಯುತ್ತಿದೆ. 2019ರಿಂದ ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮ, ಅಂಚೆ ಇಲಾಖೆಯ ಜೊತೆ ಸೇರಿ, ಬೆಂಗಳೂರಿನ ಮನೆಬಾಗಿಲಿಗೆ ಮಾವಿನ ಡಬ್ಬಿ ತಲುಪಿಸುವ ವ್ಯವಸ್ಥೆ ಮಾಡಿದೆ. ಗಿರಾಕಿ 'ಕರ್ಸಿರಿ' ಎಂಬ ಪೋರ್ಟಲ್‌ನಲ್ಲಿ ಬುಕ್ ಮಾಡುತ್ತಾರೆ, ತೋಟದವರು ಮೂರು ಕೆ.ಜಿ. ಡಬ್ಬಿ ಕಟ್ಟುತ್ತಾರೆ, ಪೋಸ್ಟ್‌ಮ್ಯಾನ್ ಒಯ್ದುಕೊಡುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ಗಿರಾಕಿ ಹಣ ಕೊಡುವುದು ಬರೀ ಹಣ್ಣಿಗಲ್ಲ. ಕಾರ್ಬೈಡ್ ಹಾಕದೆ ಹಣ್ಣು ಮಾಡಿದ್ದಾರೆ ಎಂಬ ನಂಬಿಕೆಗೆ. ಮೊದಲ ಡಬ್ಬಿಯಲ್ಲಿ ಆ ನಂಬಿಕೆ ಹುಸಿಯಾದರೆ ಎರಡನೆಯ ಡಬ್ಬಿ ಹೋಗುವುದಿಲ್ಲ, ನಿಮ್ಮ ರೀಲ್ ಎಷ್ಟು ಲಕ್ಷ ಜನ ನೋಡಿದ್ದರೂ.

ಲಕ್ಷ ಜನ ಎಂದಾಗ ಟೊಮೆಟೊ ನೆನಪಾಯಿತು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದಾಗ ದೇಶದ ಫೋನುಗಳಲ್ಲೆಲ್ಲ ನಮ್ಮ ಮಂಡಿಯೇ. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಬಿದ್ದುಹೋಗಿತ್ತು. ವೈರಲ್ ಆದದ್ದರಿಂದ ಒಂದು ಬಾಕ್ಸಾದರೂ ಹೆಚ್ಚಿಗೆ ಮಾರಾಟವಾಯಿತೇ?

ಮಂಡಿಯಿಂದ ಕಲಿಯಬೇಕಾದದ್ದು ಬೇರೆಯೇ ಇದೆ. ಅಲ್ಲಿ ಕಮಿಷನ್ ಮಂಡಿಯವರು ಹೊರರಾಜ್ಯದ ಖರೀದಿದಾರರ ಜೊತೆ ಫೋನಿನಲ್ಲೇ ಸಾವಿರಾರು ರೂಪಾಯಿ ವ್ಯವಹಾರ ಮುಗಿಸುತ್ತಾರೆ. ಅವರಿಗೆ ಪೇಜ್ ಇಲ್ಲ, ಲೋಗೋ ಇಲ್ಲ. ಇರುವುದು ಒಂದು ನಂಬರ್‌ಗಳ ಪುಸ್ತಕ, ಮತ್ತೆ ಯಾರು ಬಾಕಿ ಉಳಿಸಿಕೊಳ್ಳುತ್ತಾರೆ, ಯಾರು ಹೇಳಿದ ದಿನಕ್ಕೆ ಕೊಡುತ್ತಾರೆ ಎಂಬ ಲೆಕ್ಕ. ನೆಟ್‌ವರ್ಕಿಂಗ್ ಎಂದು ನಾವು ದೊಡ್ಡ ಹೆಸರಿಟ್ಟು ಕರೆಯುವುದು ಇದನ್ನೇ. ಮೊದಲ ಇಪ್ಪತ್ತು ಗಿರಾಕಿಗಳು ನಿಮ್ಮ ಬೀದಿಯಲ್ಲಿ, ನಿಮ್ಮ ಆಪಾನ ಮದುವೆಗೆ ಬಂದವರಲ್ಲಿ, ಅಬ್ಬಾ ಕೆಲಸ ಮಾಡುವ ಕಡೆ ಇದ್ದಾರೆ. ಅವರಿಗೆ ಹೊಲಿದ ಕುರ್ತಿ ಸರಿಯಾಗಿ ಕೂತರೆ ಇಪ್ಪತ್ತೊಂದನೆಯವರನ್ನು ಅವರೇ ಕಳಿಸುತ್ತಾರೆ. ಇನ್‌ಸ್ಟಾಗ್ರಾಂ ಆಮೇಲಿನ ಕೆಲಸ, ಬಂದವರಿಗೆ ಮಾದರಿ ತೋರಿಸುವ ಗಾಜಿನ ಬೀರು ಇದ್ದಂತೆ.

ಆ ನಂಬರ್‌ಗಳು ನಿಮ್ಮ ಸ್ವಂತ ಪುಸ್ತಕದಲ್ಲಿ ಇರಬೇಕು ಎಂದು ನಾನು ಒತ್ತಿ ಹೇಳಲು ಕಾರಣವಿದೆ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ವರ್ಷಗಟ್ಟಲೆ ವೀಡಿಯೊ ಹಾಕಿ ಜನ ಸೇರಿಸಿದ್ದವರ ಇಡೀ ಗುಂಪು ರಾತ್ರಿ ಬೆಳಗಾಗುವುದರಲ್ಲಿ ಇಲ್ಲವಾಯಿತು. ಚಿತ್ತೂರಿನ ಗೇಟ್ ಮುಚ್ಚಿದಾಗ ತೋತಾಪುರಿ ಬೆಳೆದವರಿಗೆ ಆದದ್ದೂ ಅದೇ. ಒಂದೇ ಬಾಗಿಲು, ಅದರ ಬೀಗ ಬೇರೆಯವರ ಕೈಯಲ್ಲಿ.

ಈಗ ಕಹಿಯಾದ ಒಂದು ಮಾತು. ನಂಬಿಕೆಯ ಮೇಲೆ ವ್ಯಾಪಾರ ಎಂದೆ. ನಂಬಿಕೆಯನ್ನೇ ಮಾರಿಕೊಳ್ಳುವವರೂ ಇದ್ದಾರೆ, ನಮ್ಮ ಸಮುದಾಯಕ್ಕೆ ಇದನ್ನು ಯಾರೂ ಹೊಸದಾಗಿ ಹೇಳಬೇಕಿಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಬಾಗಿಲು ಮುಚ್ಚಿದಾಗ ದೂರು ಕೊಟ್ಟವರ ಸಂಖ್ಯೆ 40,000 ದಾಟಿತು. ಹಲಾಲ್ ಹೂಡಿಕೆ ಎಂಬ ಮಾತು, ತಮ್ಮವರೇ ಎಂಬ ಭರವಸೆ, ಮೊದಲು ಹಾಕಿದವರು ಪಕ್ಕದ ಮನೆಯವರಿಗೆ ಹೇಳಿದ್ದು. ಎಲ್ಲ ನೆಟ್‌ವರ್ಕೇ. ಇವತ್ತು ಅದೇ ಆಟ ಸಣ್ಣ ರೂಪದಲ್ಲಿ ನಮ್ಮ ವಯಸ್ಸಿನವರ ಫೋನಿಗೆ ಬರುತ್ತಿದೆ: "ಕಿಟ್ ತಗೊಳ್ಳಿ, ಕೆಳಗೆ ಮೂರು ಜನರನ್ನು ಸೇರಿಸಿ", "ವೀಡಿಯೊಗೆ ಲೈಕ್ ಕೊಟ್ಟರೆ ದಿನಕ್ಕೆ ಇಷ್ಟು". ಪರೀಕ್ಷೆ ಸರಳ. ಹಣ ಬರುವುದು ಸರಕು ಮಾರಿದ್ದರಿಂದಲೋ, ಜನರನ್ನು ಸೇರಿಸಿದ್ದರಿಂದಲೋ? ಜನರನ್ನು ಸೇರಿಸಿದ್ದಕ್ಕೆ ಹಣ ಕೊಡುವ ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ಈಗಾಗಲೇ ಹಣ ಹೋಗಿದ್ದರೆ ಮನೆಯಲ್ಲಿ ಬೈಯುತ್ತಾರೆಂದು ಮುಚ್ಚಿಡದೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಪ್ರವಾದಿ ಮುಹಮ್ಮದ್ (ಸ) ಅವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ನೋಡಿದ ಪ್ರಸಂಗವನ್ನು ನಾವೆಲ್ಲ ಕೇಳಿದ್ದೇವೆ. ಮೇಲೆ ಒಣಗಿದ ಕಾಳು, ಒಳಗೆ ತೇವ. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಾದರೆ ನೆನೆದದ್ದನ್ನು ಜನ ನೋಡುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ಫಿಲ್ಟರ್ ಹಾಕಿ ಬಟ್ಟೆಯ ಬಣ್ಣ ಏರಿಸುವಾಗ, ಬೇರೆ ಅಂಗಡಿಯ ಫೋಟೊ ತೆಗೆದು ನಮ್ಮ ಸ್ಟಾಕ್ ಎಂದು ಹಾಕುವಾಗ ನಾವು ಮಾಡುವುದೂ ಮೇಲೆ ಒಣ ಕಾಳು ಹರಡುವ ಕೆಲಸವೇ. ಆನ್‌ಲೈನ್‌ನಲ್ಲಿ ಗಿರಾಕಿಗೆ ರಾಶಿಯೊಳಗೆ ಕೈಯಿಡಲು ಆಗುವುದಿಲ್ಲ. ಅದಕ್ಕೇ ಮಾರುವವರ ಹೊಣೆ ಅಂಗಡಿಯವರಿಗಿಂತ ಹೆಚ್ಚು. ದಾರ ಬಿಟ್ಟಿದ್ದರೆ ಆ ಜಾಗದ ಫೋಟೊವನ್ನೂ ಕಳಿಸಿ. ಬೆಲೆ ಕೇಳಿದವರಿಗೆ "ಇನ್‌ಬಾಕ್ಸ್‌ಗೆ ಬನ್ನಿ" ಎನ್ನುವ ರೋಗವನ್ನೂ ಬಿಡಿ. ಬೆಲೆ ಬರೆಯಲು ನಾಚಿಕೆ ಏಕೆ?

ಕಾನೂನಿನ ವಿಷಯ ಒಂದಿಷ್ಟು, ಬೇಸರವಾದರೂ. ಹದಿನೆಂಟು ತುಂಬದವರು ಮಾಡಿಕೊಂಡ ಕರಾರಿಗೆ ಕಾನೂನಿನ ಬಲವಿಲ್ಲ, ಹಾಗಾಗಿ ಸದ್ಯಕ್ಕೆ ಖಾತೆ ಅಮ್ಮಿಯ ಅಥವಾ ಅಬ್ಬಾನ ಹೆಸರಲ್ಲಿರಲಿ. ತಿನ್ನುವ ಪದಾರ್ಥ ಮಾರುವುದಾದರೆ, ಮನೆಯ ಅಡುಗೆಮನೆಯೇ ಆದರೂ, ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಮೀಶೋ, ಅಮೆಜಾನ್‌ನಂಥ ಕಡೆ ಸರಕು ಮಾರಲು ಹಿಂದೆ ಜಿಎಸ್‌ಟಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರು ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಇನ್ನು 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಕಳಿಸಿದ್ದು ನೆನಪಿರಬಹುದು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ಮಿತಿ, ಅಲ್ಲಿಗೆ ನಾವು ಮುಟ್ಟುವುದು ದೂರದ ಮಾತು. ಆದರೂ ಚಿಕ್ಕಪ್ಪ ಕಳಿಸಿದ ಹಣ, ಗಿರಾಕಿ ಕಳಿಸಿದ ಹಣ ಒಂದೇ ಖಾತೆಗೆ ಬಿದ್ದರೆ ಲಾಭ ಬಂತೋ ನಷ್ಟವಾಯಿತೋ ನಮಗೇ ತಿಳಿಯುವುದಿಲ್ಲ. ವ್ಯಾಪಾರಕ್ಕೆ ಬೇರೆ ಖಾತೆ, ಒಂದು ನೂರು ಪುಟದ ನೋಟ್‌ಬುಕ್.

ಕಾಮರ್ಸ್ ವಿಭಾಗದ ಸರ್ ಮತ್ತು ಮೇಡಂ ಅವರಲ್ಲಿ ಒಂದು ಕೋರಿಕೆ. ಪ್ರಥಮ ಪಿಯುಸಿಯಲ್ಲಿ ಇ-ಬಿಸಿನೆಸ್ ಪಾಠವನ್ನು ಅಂಕಕ್ಕಾಗಿ ಓದಿ ಮುಗಿಸುತ್ತೇವೆ. ಈ ಮಾವಿನ ಕಾಲದಲ್ಲಿ ಒಂದು ಪ್ರಯೋಗ ಮಾಡೋಣ. ನಮ್ಮಲ್ಲಿ ತೋಟ ಇರುವ ಮನೆಯ ವಿದ್ಯಾರ್ಥಿಗಳಿದ್ದಾರೆ, ಬೆಂಗಳೂರಿನಲ್ಲಿ ನೆಂಟರಿರುವವರೂ ಇದ್ದಾರೆ. ಐವತ್ತು ಡಬ್ಬಿ ಬಾದಾಮಿ, ತೂಕ ಎಲ್ಲರೆದುರು, ಲೆಕ್ಕ ನೋಟಿಸ್ ಬೋರ್ಡಿನಲ್ಲಿ. ಡಬ್ಬಿ ಕಟ್ಟಲು ನಮ್ಮ ತರಗತಿಯಿಂದ ಎಂಟು ಜನ ಈಗಲೇ ಹೆಸರು ಕೊಟ್ಟಿದ್ದಾರೆ.