ಬಸುರಿಯ ಬಿಪಿಗೆ ಅವಳ ಚಿಂತೆ ಕಾರಣವಲ್ಲ

ಏಳೆಂಟನೇ ತಿಂಗಳಲ್ಲಿ ಬಸುರಿಯ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಮನೆಯವರ ಬಾಯಿಂದ ಬರುವ ಮೊದಲ ಮಾತು ‘ಸುಮ್ಮನೆ ಟೆನ್ಷನ್ ಮಾಡಿಕೊಂಡಳು’ ಎಂಬುದು. ಮಗುವಿನ ತೂಕ ಕಮ್ಮಿಯಾದರೂ ತಪ್ಪು ಅವಳದೇ. ಗರ್ಭಕೋಶಕ್ಕೆ ಹೋಗುವ ರಕ್ತದ ಮೇಲೆ ಯಾರ ಹಿಡಿತವಿರುತ್ತದೆ ಎಂದು ನೋಡಿದರೆ ಈ ಆರೋಪ ನಿಲ್ಲುವುದಿಲ್ಲ.

ಬಸಿರಿಲ್ಲದಾಗ ಗರ್ಭಕೋಶದ ಅಪಧಮನಿಗಳ ಸುತ್ತ ಸಿಂಪಥೆಟಿಕ್ ನರಗಳ ಬಲೆ ಹೆಣೆದಿರುತ್ತದೆ. ಗಾಬರಿಯಾದಾಗ ಇವು ನಾರ್‌ಅಡ್ರಿನಲಿನ್ ಬಿಟ್ಟು ನಾಳವನ್ನು ಬಿಗಿಯುತ್ತವೆ. ಅಂಗಾಂಶದ ತೆಳು ಪದರವನ್ನು ಫಾರ್ಮಾಲ್ಡಿಹೈಡ್ ಆವಿಗೆ ಒಡ್ಡಿ ವಿಶೇಷ ಸೂಕ್ಷ್ಮದರ್ಶಕದಡಿ ಇಟ್ಟರೆ ಈ ನರದೆಳೆಗಳು ಹಸಿರಾಗಿ ಹೊಳೆಯುತ್ತವೆ. 1970ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕರು ದಿನ ತುಂಬಿದ ಗಿನಿಪಿಗ್‌ಗಳ ಗರ್ಭಕೋಶವನ್ನು ಹೀಗೆ ಪರೀಕ್ಷಿಸಿದಾಗ ಆ ಹಸಿರು ಬಹುಪಾಲು ಮಾಯವಾಗಿತ್ತು. ಮನುಷ್ಯರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಮಾಸಿನ ಜೀವಕೋಶಗಳು ಗರ್ಭಕೋಶದ ಒಳಪದರದ ಸುರುಳಿ ಅಪಧಮನಿಗಳೊಳಗೆ ನುಗ್ಗಿ, ಅವುಗಳ ಸ್ನಾಯುಪದರವನ್ನೇ ಕಳಚಿಹಾಕುತ್ತವೆ. ಬಿಗಿಯಲು ಸ್ನಾಯುವೇ ಇಲ್ಲದ ಅಗಲ ನಾಳ ಉಳಿಯುತ್ತದೆ. ಹೀಗಾಗಿಯೇ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್‌ ಇದ್ದ ಹರಿವು ದಿನ ತುಂಬುವಾಗ 500 ದಾಟುತ್ತದೆ. ಗಬ್ಬದ ಹಸುವಿನಲ್ಲೂ ಹರಿವು ಎಷ್ಟು ಏರುತ್ತದೆಂದರೆ, ನಾಲ್ಕನೇ ತಿಂಗಳ ನಂತರ ಪಶುವೈದ್ಯರು ಕೈಹಾಕಿ ನೋಡುವಾಗ ಆ ಅಪಧಮನಿ ಬೆರಳ ಕೆಳಗೆ ಗುಂಯ್‌ಗುಡುತ್ತದೆ. ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಕಾಣಿಸುವ ಈ ಕಾಯಿಲೆಯಲ್ಲಿ, ಅಂದರೆ ಪ್ರೀಎಕ್ಲಾಂಪ್ಸಿಯಾದಲ್ಲಿ, ಅದರಲ್ಲೂ ದಿನ ತುಂಬುವ ಮೊದಲೇ ಬರುವ ಬಗೆಯಲ್ಲಿ, ಸುರುಳಿ ನಾಳಗಳ ಈ ಮಾರ್ಪಾಡು ಅರ್ಧಕ್ಕೇ ನಿಂತಿರುತ್ತದೆ. ಅದು ನಡೆಯಬೇಕಾದ ಕಾಲ ಬಸಿರಿನ ಮೊದಲರ್ಧ. ಎಂಟನೇ ತಿಂಗಳ ಚಿಂತೆ ಅದನ್ನು ಹಿಂದಕ್ಕೆ ಹೋಗಿ ಕೆಡಿಸಲಾರದು.

ಗಿನಿಪಿಗ್ ಹೆಂಗಸಲ್ಲ ಎನ್ನಬಹುದು. ಒಪ್ಪುತ್ತೇನೆ, ಪ್ರಾಣಿಯಿಂದ ಪ್ರಾಣಿಗೆ ವ್ಯತ್ಯಾಸ ದೊಡ್ಡದು. ಕುರಿಯಲ್ಲಿ ಮಾಸಿನ ಕೋಶಗಳು ಅಪಧಮನಿಗಳೊಳಗೆ ನುಗ್ಗುವುದೇ ಇಲ್ಲ. ಆದರೆ ಸುರುಳಿ ನಾಳಗಳ ಬದಲಾವಣೆಯನ್ನು ಐವೊ ಬ್ರೋಸೆನ್ಸ್ ಮತ್ತು ಸಂಗಡಿಗರು 1967ರಲ್ಲಿ ವಿವರಿಸಿದ್ದು ಮನುಷ್ಯರ ಗರ್ಭಕೋಶವನ್ನು ನೋಡಿಯೇ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಗಬ್ಬದ ಕುರಿಗಳನ್ನು ಬೆದರಿಸಿದಾಗ ಗರ್ಭಕೋಶದ ರಕ್ತಹರಿವು ಇಳಿದದ್ದುಂಟು, ಪ್ರೀಎಕ್ಲಾಂಪ್ಸಿಯಾ ಇರುವವರಲ್ಲಿ ಸಿಂಪಥೆಟಿಕ್ ನರಗಳು ಅತಿಯಾಗಿ ಮಿಡಿಯುವುದು 1996ರಲ್ಲಿ ದಾಖಲಾಗಿದೆ. ಎರಡೂ ನಿಜ. ಕುರಿಗಳಲ್ಲಿ ಕಂಡದ್ದು ಬೆದರಿದ ಹೊತ್ತಿನ ಇಳಿತ. ಅದು ನಾಳದ ರಚನೆಯ ದೋಷವಲ್ಲ. ಇನ್ನು ಆ ನರಗಳ ಅತಿಮಿಡಿತವನ್ನು ಅಳೆದದ್ದು ಸ್ನಾಯುಗಳಿಗೆ ಹೋಗುವ ನರದಲ್ಲಿ, ಅದೂ ಕಾಯಿಲೆ ಬಂದ ಮೇಲೆ. ಹೆರಿಗೆಯ ನಂತರ ಅದು ಇಳಿಯಿತು. ಕಾಯಿಲೆಯ ಫಲವನ್ನೇ ಕಾರಣವೆಂದು ಹೇಳುವುದು ಸರಿಯಲ್ಲ. ಬಸುರಿಗೆ ನೆಮ್ಮದಿ ಬೇಕೇ ಬೇಕು, ಅದು ಅವಳ ಹಕ್ಕು. ಆದರೆ ‘ನೀನು ಚಿಂತಿಸಿದ್ದಕ್ಕೇ ಹೀಗಾಯಿತು’ ಎಂಬ ಮಾತಿನಿಂದ ನೆಮ್ಮದಿ ಬರುವುದಿಲ್ಲ.

ಈ ಆರೋಪದಿಂದ ಆಗುವ ದೊಡ್ಡ ನಷ್ಟ ಸಮಯದ್ದು. ಚೊಚ್ಚಲು, ಅವಳಿ, ಮೊದಲೇ ಇದ್ದ ಬಿಪಿ, ಸಕ್ಕರೆ ಕಾಯಿಲೆ, ಹಿಂದಿನ ಬಸಿರಿನಲ್ಲಿ ಬಂದ ಇದೇ ತೊಂದರೆ: ಅಪಾಯ ಹೆಚ್ಚಿಸುವ ಇವನ್ನೆಲ್ಲ ಮೊದಲ ಭೇಟಿಯಲ್ಲೇ ಕೇಳಿ ತಿಳಿಯಬಹುದು. ಮೂರನೇ ತಿಂಗಳ ಸ್ಕ್ಯಾನಿಂಗ್ ವೇಳೆ ಡಾಪ್ಲರ್‌ನಿಂದ ಗರ್ಭಕೋಶದ ಅಪಧಮನಿಯ ಹರಿವನ್ನೂ ಅಳೆಯಬಹುದು. ಅಪಾಯ ಹೆಚ್ಚೆಂದು ಗುರುತಿಸಿದ ಹೆಂಗಸರಿಗೆ 11ರಿಂದ 14ನೇ ವಾರದೊಳಗೆ ಶುರುಮಾಡಿ ದಿನಕ್ಕೆ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ದಿನ ತುಂಬುವ ಮೊದಲೇ ಬರುವ ಪ್ರೀಎಕ್ಲಾಂಪ್ಸಿಯಾ ಶೇ 4.3ರಿಂದ ಶೇ 1.6ಕ್ಕೆ ಇಳಿದಿತ್ತು. ವೈದ್ಯರನ್ನು ಕೇಳದೆ ಯಾರೂ ಈ ಮಾತ್ರೆ ನುಂಗಬಾರದು. ಆದರೆ ತಾಯಿ ಕಾರ್ಡ್‌ ಬರೆಯುವ ದಿನವೇ ಈ ಪ್ರಶ್ನೆಗಳನ್ನು ಕೇಳುವುದನ್ನು ಸರ್ಕಾರ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಕಡ್ಡಾಯ ಮಾಡಲಿ, ಅಪಾಯವಿರುವವರನ್ನು ಮೂರು ತಿಂಗಳು ತುಂಬುವುದರೊಳಗೆ ತಜ್ಞರ ಬಳಿ ಕಳಿಸಲಿ.