ಹೇಗಿದ್ರೂ ವಾಪಸ್ ಹೋಗ್ತೀವಲ್ಲ!

ಮೇ ತಿಂಗಳು ಬಂತೆಂದರೆ ನಮ್ಮ ಬ್ಯಾಲಂಟೈನ್‌ನಲ್ಲಿ ಪ್ರತಿ ಶನಿವಾರ ಯಾರದಾದರೂ ಮನೆಯಲ್ಲಿ ಗ್ರಾಜುಯೇಷನ್ ಪಾರ್ಟಿ ಇದ್ದೇ ಇರುತ್ತದೆ. ನಾನು ಫೈನಾನ್ಸ್‌ನವನು ಅಂತ ಗೊತ್ತಿರುವುದರಿಂದ ಬಿಸಿಬೇಳೆಬಾತ್ ತಟ್ಟೆ ಕೈಗೆ ಬರುವ ಮೊದಲೇ ಪ್ರಶ್ನೆ ಬರುತ್ತದೆ. ಕಳೆದ ವಾರ ಇಬ್ಬರು ಸಿಕ್ಕರು. ಒಬ್ಬಳು ಪಾರ್ಟಿಯ ಮನೆಯವರ ಮಗಳು, ಇಲ್ಲೇ ಹುಟ್ಟಿದವಳು. ಇನ್ನೊಬ್ಬ ದಾವಣಗೆರೆಯ ಹುಡುಗ, ಯುಎನ್‌ಸಿ ಶಾರ್ಲೆಟ್‌ನಲ್ಲಿ ಎಂಎಸ್ ಮುಗಿಸಿ ಒಪಿಟಿ ಮೇಲೆ ಕೆಲಸಕ್ಕೆ ಸೇರಿದ್ದಾನೆ.

ಹುಡುಗ ಕೇಳಿದ್ದು ಇದು: "ಸಾರ್, ರೂಮ್‌ಮೇಟ್‌ಗಳೆಲ್ಲ 401ಕೆ ಬೇಡ ಅಂತಿದ್ದಾರೆ. ಎಚ್-1ಬಿ ಲಾಟರಿ ಸಿಗದಿದ್ರೆ ವಾಪಸ್ ಹೋಗ್ಬೇಕು, ದುಡ್ಡು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ ಅಂತ. ಊರಲ್ಲಿ ಎಜುಕೇಷನ್ ಲೋನ್ ಬೇರೆ ಇದೆ, ಹನ್ನೊಂದು ಪರ್ಸೆಂಟು."

ಈ ಮಾತು ನನಗೆ ಹೊಸದಲ್ಲ, ನಾನೇ ಆಡಿದ್ದು. 2007ರಲ್ಲಿ ಎಂಬಿಎ ಮುಗಿಸಿ ಮೊದಲ ಕೆಲಸಕ್ಕೆ ಸೇರಿದಾಗ ಎಚ್‌ಆರ್ ಕೊಟ್ಟ ಫಾರ್ಮನ್ನು ಹಾಗೇ ಡ್ರಾಯರ್‌ಗೆ ಹಾಕಿದೆ. ಐದು ವರ್ಷ ದುಡಿದು ಬೆಂಗಳೂರಿಗೆ ಹೋಗುವವನಿಗೆ ಅಮೆರಿಕದ ಪೆನ್ಷನ್ ಯಾಕೆ? ಮರುವರ್ಷ ಮಾರ್ಕೆಟ್ ಬಿದ್ದಾಗ ಒಳಗೊಳಗೇ ಖುಷಿಯೂ ಆಯಿತು, ಬಚಾವಾದೆ ಅಂತ. ಸಂಬಳ 60,000 ಡಾಲರ್, ಕಂಪನಿ ಕೊಡುತ್ತಿದ್ದ ಮ್ಯಾಚ್ 4 ಪರ್ಸೆಂಟ್, ಅಂದರೆ ವರ್ಷಕ್ಕೆ 2,400. ಮೂರು ವರ್ಷ ಬಿಟ್ಟೆ. ವರ್ಷಕ್ಕೆ 7 ಪರ್ಸೆಂಟ್ ಬೆಳೆದಿದ್ದರೂ ಆ ಮ್ಯಾಚ್ ಒಂದೇ ಇವತ್ತಿಗೆ 22 ಸಾವಿರ ದಾಟಿರುತ್ತಿತ್ತು. ಮಾರ್ಕೆಟ್ ಅದಕ್ಕಿಂತ ಚೆನ್ನಾಗೇ ಓಡಿದೆ. 2009ರ ಮಾರ್ಚ್‌ನಲ್ಲಿ ಎಸ್ ಅಂಡ್ ಪಿ 500 ಸೂಚ್ಯಂಕ 676ಕ್ಕೆ ಇಳಿದಿತ್ತು. ಅಷ್ಟು ಅಗ್ಗದಲ್ಲಿ ಕೊಳ್ಳುವ ಕಾಲದಲ್ಲೇ ನಾನು ಸುಮ್ಮನೆ ಕೂತಿದ್ದೆ. ಬೆಂಗಳೂರಿಗಂತೂ ಹೋಗಲಿಲ್ಲ.

ಹಾಗಾಗಿ ಪೇಪರ್ ನ್ಯಾಪ್‌ಕಿನ್ ಮೇಲೆ ಲೆಕ್ಕ ಬರೆದು ತೋರಿಸಿದೆ. ಅವನ ಸಂಬಳ 80,000, ಮ್ಯಾಚ್ 5 ಪರ್ಸೆಂಟ್. ಅವನು 4,000 ಹಾಕಿದರೆ ಕಂಪನಿ 4,000 ಹಾಕುತ್ತದೆ. ಹಾಕದೆ ಸಂಬಳವಾಗಿ ತೆಗೆದುಕೊಂಡರೆ ಆ 4,000ದಲ್ಲಿ ತೆರಿಗೆ ಕಳೆದು ಕೈಗೆ ಬರುವುದು 3,000ದ ಆಸುಪಾಸು. ಈಗ ಕೆಟ್ಟದ್ದನ್ನೇ ಯೋಚಿಸೋಣ. ವೀಸಾ ಸಿಗಲಿಲ್ಲ, ಊರಿಗೆ ಹೋಗಿ ಎಲ್ಲವನ್ನೂ ತೆಗೆದ ಅಂತಿಟ್ಟುಕೊಳ್ಳಿ. 8,000ಕ್ಕೆ 10 ಪರ್ಸೆಂಟ್ ದಂಡ 800. ತೆರಿಗೆ ಅಂತ 30 ಪರ್ಸೆಂಟ್ ಹಿಡಿದರೂ 2,400. ಉಳಿಯುವುದು 4,800. ಒರಟು ಲೆಕ್ಕವೇ, ಆದರೂ 3,000 ಎಲ್ಲಿ, 4,800 ಎಲ್ಲಿ! ತೆಗೆಯಲೇಬೇಕು ಅಂತಲೂ ಇಲ್ಲ. ಭಾರತಕ್ಕೆ ಮರಳಿದವರು ಇಂಥ ಖಾತೆಯ ಗಳಿಕೆಗೆ ಹಣ ತೆಗೆಯುವಾಗ ಮಾತ್ರ ತೆರಿಗೆ ಕಟ್ಟುವ ಸೌಲಭ್ಯ 2021ರ ಬಜೆಟ್‌ನಲ್ಲೇ, 89ಎ ಕಲಂ ಮೂಲಕ ಬಂತು.

ಒಂದೇ ಒಂದು 'ಆದರೆ' ಇದೆ. ಅದು ವೆಸ್ಟಿಂಗ್. ಕಂಪನಿ ಹಾಕಿದ ದುಡ್ಡು ನಿಮ್ಮದಾಗುವುದಕ್ಕೆ ಕೆಲವು ಕಡೆ ಎರಡು ಮೂರು ವರ್ಷ ಬೇಕು. ಮೊದಲೇ ಬಿಟ್ಟರೆ ಮ್ಯಾಚ್ ಹೋಗುತ್ತದೆ, ಮೇಲಿನ ಲೆಕ್ಕವೂ ತಲೆಕೆಳಗಾಗುತ್ತದೆ. ಕೆಲಸಕ್ಕೆ ಸೇರಿದ ವಾರವೇ ಎಚ್‌ಆರ್‌ಗೆ ಕೇಳಬೇಕಾದ ಪ್ರಶ್ನೆ ಇದು. ಯಾರೂ ಕೇಳುವುದಿಲ್ಲ.

ಮ್ಯಾಚ್ ದಾಟಿದ ಮೇಲೆ ಒಂದು ಡಾಲರ್ ಕೂಡ ಹಾಕಬೇಡ ಅಂತ ಹೇಳಿದೆ. ಇಲ್ಲಿನ ಎಷ್ಟೋ ಸಲಹೆಗಾರರು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ಹನ್ನೊಂದು ಪರ್ಸೆಂಟ್ ಸಾಲ ತಲೆ ಮೇಲಿರುವವನಿಗೆ ಅದನ್ನು ತೀರಿಸುವುದಕ್ಕಿಂತ ಒಳ್ಳೆಯ ಹೂಡಿಕೆ ನನಗೆ ಕಾಣುತ್ತಿಲ್ಲ, ಅದರಲ್ಲೂ ಅಪ್ಪ ಗ್ಯಾರಂಟಿ ಹಾಕಿರುವಾಗ.

ಪೇಸ್ಟಬ್ ತೋರಿಸು ಅಂದೆ. ಫೋನ್‌ನಲ್ಲಿ ತೆಗೆದ. ಅನುಮಾನ ನಿಜವಾಯಿತು: ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಎರಡೂ ಕಡಿತವಾಗಿವೆ. ಎಫ್-1 ವೀಸಾದವರು ನಾನ್‌ರೆಸಿಡೆಂಟ್ ಆಗಿರುವವರೆಗೆ, ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ, ಒಪಿಟಿಯಲ್ಲೂ ಇದನ್ನು ಕಟ್ಟಬೇಕಾಗಿಲ್ಲ. 7.65 ಪರ್ಸೆಂಟ್ ಅಂದರೆ ಅವನಿಗೆ ವರ್ಷಕ್ಕೆ 6,120 ಡಾಲರ್. ಪೇರೋಲ್‌ನವರಿಗೆ ಬರೆದು ವಾಪಸ್ ಕೇಳು ಅಂದೆ. 401ಕೆಗೆ ದುಡ್ಡು ಎಲ್ಲಿಂದ ತರಲಿ ಅನ್ನುತ್ತಿದ್ದವನಿಗೆ ಉತ್ತರ ಅಲ್ಲೇ ಇತ್ತು.

ಹುಡುಗಿಯ ಸಮಸ್ಯೆ ಬೇರೆ. "ನಂದು ಆಟೋ ಎನ್‌ರೋಲ್ ಆಗಿದೆ ಅಂಕಲ್" ಅಂತ ನಿಶ್ಚಿಂತೆಯಿಂದ ಹೇಳಿದಳು. ಆಗಿರುವುದು 3 ಪರ್ಸೆಂಟ್, ಕಂಪನಿ ಮ್ಯಾಚ್ ಮಾಡುವುದು 6ರವರೆಗೆ. ಅರ್ಧ ಬಿಟ್ಟಂತಾಯಿತಲ್ಲ ಪುಟ್ಟಿ ಅಂದೆ. ಅವಳು ಸೇರುತ್ತಿರುವುದು ಅಪ್‌ಟೌನ್‌ನ ಒಂದು ಬ್ಯಾಂಕಿಗೆ, ಉಳಿಸಿದ್ದನ್ನೆಲ್ಲ ಅದೇ ಬ್ಯಾಂಕಿನ ಷೇರಿಗೆ ಹಾಕುವ ಉತ್ಸಾಹ ಬೇರೆ. ಅವಳಿಗೆ ವಕೋವಿಯಾ ಹೆಸರೇ ಗೊತ್ತಿಲ್ಲ! ಈ ಊರಿನದೇ ದೊಡ್ಡ ಬ್ಯಾಂಕ್. 2008ರ ಸೆಪ್ಟೆಂಬರ್ ಕೊನೆಯ ಸೋಮವಾರ ಅದರ ಷೇರು 2 ಡಾಲರ್‌ಗಿಂತ ಕೆಳಗೆ ಮುಗಿಯಿತು, ವರ್ಷ ಮುಗಿಯುವಷ್ಟರಲ್ಲಿ ವೆಲ್ಸ್ ಫಾರ್ಗೋ ಪಾಲಾಯಿತು. ಸಂಬಳ, ಉಳಿತಾಯ ಎರಡೂ ಒಂದೇ ಕಡೆ ಇಟ್ಟವರ ಕಥೆಯನ್ನು ಶಾರ್ಲೆಟ್‌ನ ಹಳಬರನ್ನು ಕೇಳಬೇಕು. ಅವಳಪ್ಪ ಟೌನ್‌ಹೌಸ್ ಕೊಡಿಸುವ ಮಾತೆತ್ತಿದ. ಎರಡು ವರ್ಷ ತಡಿಯಯ್ಯಾ, ಅವಳು ಯಾವ ಊರಲ್ಲಿರುತ್ತಾಳೋ ನೋಡೋಣ ಅಂದೆ. 26 ತುಂಬುವವರೆಗೆ ನಿನ್ನ ಹೆಲ್ತ್ ಇನ್ಶೂರೆನ್ಸ್‌ನಲ್ಲೇ ಇಟ್ಟುಕೋ, ಸದ್ಯಕ್ಕೆ ಅದೇ ದೊಡ್ಡ ಉಡುಗೊರೆ. ಅವನಿಗೆ ಅಷ್ಟೇನೂ ಹಿಡಿಸಲಿಲ್ಲ.

ಮಂಗಳವಾರ ಹುಡುಗನ ಮೆಸೇಜ್ ಬಂತು. ವೆಸ್ಟಿಂಗ್ ಎರಡು ವರ್ಷ. ಸ್ಟೆಮ್ ಎಕ್ಸ್‌ಟೆನ್ಷನ್ ಸೇರಿಸಿ ಒಪಿಟಿ ಮೂರು ವರ್ಷ ಇರುತ್ತೆ. "5 ಪರ್ಸೆಂಟ್ ಹಾಕಿದೆ ಸಾರ್. ಪೇರೋಲ್‌ಗೂ ಬರೆದಿದ್ದೀನಿ. ಸಾಲ ತೀರೋದು ಎರಡು ಮೂರು ತಿಂಗಳು ತಡ ಆಗಬಹುದು ಅಂತ ಅಪ್ಪನಿಗೆ ಮಾತ್ರ ಇನ್ನೂ ಹೇಳಿಲ್ಲ."