ಕಡಲತಡಿಗೆ ಯಾರ ಹೆಸರು?

ಕಾರವಾರಕ್ಕೆ ಬಂದ ಪ್ರವಾಸಿಗಳಿಗೆ ಹೇಳುವ ಕಥೆ ಒಂದೇ. 1883ರಲ್ಲಿ ಇಪ್ಪತ್ತೆರಡರ ಹುಡುಗ ರವೀಂದ್ರನಾಥ ಟ್ಯಾಗೋರ್ ಇಲ್ಲಿದ್ದ. ಅಣ್ಣ ಸತ್ಯೇಂದ್ರನಾಥ ಇಲ್ಲಿಯ ಜಿಲ್ಲಾ ಜಡ್ಜು. ತಮ್ಮ ಕಡಲು ಕಂಡ, ಕಾಳಿನದಿಯಲ್ಲಿ ದೋಣಿ ಹತ್ತಿದ, ನಾಟಕ ಬರೆದ. ಅದಕ್ಕೇ ಈ ಕಡಲತಡಿಗೆ ಅವನ ಹೆಸರು.

ಇರಲಿ, ಕವಿಯ ಮೇಲೆ ನಮಗೆ ಜಗಳವಿಲ್ಲ. ಆದರೆ ಆ ನಾಟಕದಲ್ಲಿ ಏನಿದೆ ಅಂತ ಯಾಕೆ ಯಾರೂ ಹೇಳುವುದಿಲ್ಲ? 'ಪ್ರಕೃತಿರ್ ಪ್ರತಿಶೋಧ್'ನಲ್ಲಿ ಒಬ್ಬ ಅನಾಥ ಹುಡುಗಿ ಇದ್ದಾಳೆ. ಮೈಲಿಗೆಯವಳು ಅಂತ ಊರವರು ಅವಳನ್ನು ಹತ್ತಿರ ಸೇರಿಸುವುದಿಲ್ಲ. ಒಬ್ಬ ಸನ್ಯಾಸಿ ಆಸರೆ ಕೊಡುತ್ತಾನೆ. ಎಲ್ಲಿ ಮಮತೆ ಅಂಟಿಕೊಂಡೀತೋ ಅಂತ ಹೆದರಿ ಬಿಟ್ಟು ಓಡುತ್ತಾನೆ. ಬುದ್ಧಿ ಬಂದು ತಿರುಗಿ ಬಂದಾಗ ಹುಡುಗಿ ಸತ್ತಿರುತ್ತಾಳೆ. ಕಾರವಾರದಲ್ಲಿ ಹುಟ್ಟಿದ್ದು ಈ ಕಥೆ. ನಾವು ಕವಿಯ ಹೆಸರು ಇಟ್ಟುಕೊಂಡೆವು, ಹುಡುಗಿಯನ್ನು ಮತ್ತೆ ಹೊರಗೇ ನಿಲ್ಲಿಸಿದೆವು.

ಅದೇ ತಡಿಯಲ್ಲಿ ಸೇವೆ ಮುಗಿಸಿದ ಯುದ್ಧನೌಕೆ ಚಪಲ್ ನಿಂತಿದೆ. ಶಾಲೆ ಮಕ್ಕಳು ಸಾಲಾಗಿ ಹತ್ತಿ ಇಳಿಯುತ್ತಾರೆ. ಆದರೆ ನೌಕಾಪಡೆ ಇಲ್ಲಿಗೆ ಬರುವಾಗ ಎದ್ದು ಹೋದವರು ಯಾರು ಅಂತ ಅವರಿಗೆ ಹೇಳುವವರಿಲ್ಲ. 1986ರಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ನಡುವೆ 13 ಹಳ್ಳಿಗಳ 4,000ಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ತೆಂಗಿನಮರ ಬಿಟ್ಟು ಎದ್ದವು. ಪರಿಹಾರ ಹೆಚ್ಚಿಸಿ ಅಂತ ಎಷ್ಟೋ ವರ್ಷ ಕೋರ್ಟಿನ ಮೆಟ್ಟಿಲು ಸವೆಸಿದವು.

'ದೇಶಕ್ಕೆ ನೌಕಾನೆಲೆ ಬೇಡವೇನ್ರೀ?' ಅನ್ನುತ್ತಾರೆ. ಬೇಕು, ಯಾರು ಬೇಡ ಅಂದರು? ದೇಶಕ್ಕೆ ಬೇಕಾದ್ದರ ಬೆಲೆಯನ್ನು ಪ್ರತಿ ಸಲ ಬಲೆ ಹಿಡಿದವನೂ ನೇಗಿಲು ಹಿಡಿದವನೂ ಯಾಕೆ ತೆರಬೇಕು? ಬಂಗಲೆಗಳ ಸಾಲು ಎದ್ದು ಹೋದದ್ದನ್ನು ಯಾರಾದರೂ ಕಂಡಿದ್ದೀರಾ?

'ಕಡಲು ಇದೆಯಲ್ಲ, ಮೀನು ಹಿಡಿಯಲಿ' ಅನ್ನುವವರಿಗೆ ಕಡಲೂ ಗೊತ್ತಿಲ್ಲ, ಮೀನೂ ಗೊತ್ತಿಲ್ಲ. ಏಂಡಿ ಬಲೆಯನ್ನು ದೋಣಿಯಲ್ಲಿ ಒಯ್ದು ಸುತ್ತ ಬಿಡುತ್ತಾರೆ, ಎಳೆಯುವುದು ಮಾತ್ರ ದಡದಿಂದ. ಎರಡೂ ತುದಿಗೆ ಹತ್ತಾರು ಕೈ ಬೇಕು. ಹಗ್ಗ ಹಿಡಿದವರಿಗೆ ಪಾಲು. ಮರಳಿನ ದಡ ಹೋಯಿತೆಂದರೆ ಕಡಲು ಎದುರಿಗೇ ಇದ್ದರೂ ಆ ಬಲೆ ಸತ್ತಂತೆ. ಪ್ರವಾಸಿಗೆ ಅದು ಸಂಜೆಯ ಗಾಳಿ ತೆಗೆದುಕೊಳ್ಳುವ ಜಾಗ. ಮೀನುಗಾರರಿಗೆ ಅದೇ ಹೊಲ, ಅದೇ ಕಣ.

ಅದಕ್ಕೇ 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ಕೆಲಸ ಟ್ಯಾಗೋರ್ ಕಡಲತಡಿಗೆ ಕಾಲಿಟ್ಟಾಗ ಮೀನುಗಾರರು ಬೀದಿಗಿಳಿದರು. ಹೆಂಗಸರು ಮುಂದೆ ನಿಂತರು, ಪೇಟೆ ಬಂದ್ ಆಯಿತು, ಹೈಕೋರ್ಟು ತಡೆ ಕೊಟ್ಟಿತು. ಒಂದು ಸಲ ದಡ ಕಳಕೊಂಡ ಊರಿಗೆ ಎರಡನೇ ಸಲ ಯಾರೂ ಪಾಠ ಹೇಳಬೇಕಾಗಲಿಲ್ಲ.

ಹಳ್ಳಿಶಾಲೆಯ ಮೇಷ್ಟ್ರೇ, ಈ ವರ್ಷವೂ ನೀವು ಮಕ್ಕಳನ್ನು ಕಾರವಾರಕ್ಕೆ ಕರೆತರುತ್ತೀರಿ. ತನ್ನಿ. ಕವಿಯ ಕಥೆ ಹೇಳಿ, ಹಡಗು ತೋರಿಸಿ. ಆಮೇಲೆ ಬಸ್ಸನ್ನು ತೋಡೂರಿನ ನಿರಾಶ್ರಿತರ ಕಾಲೊನಿಗೂ ಒಯ್ಯಿರಿ. ಅಲ್ಲಿಯ ಅಜ್ಜಿಯರ ಹತ್ತಿರ ಮಕ್ಕಳೇ ಕೇಳಲಿ: 'ಅಜ್ಜೀ, ನಿಮ್ಮ ಮನೆ ಎಲ್ಲಿತ್ತು?' ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಕಾರವಾರದ ಚರಿತ್ರೆಯಲ್ಲಿ ಇನ್ನೂ ಬರೆಯದೆ ಉಳಿದ ಪುಟ ಅದು.